ಮೂರು ಚಮಚ ತಿಂದು ಎದ್ದ ಬೀಗರು

ಆ ಭಾನುವಾರ ನಮ್ಮ ಮನೆಯಲ್ಲಿ ಏನೇನು ಅನಾಹುತ ಆಗಬಹುದು ಎಂಬುದನ್ನು ನಾನು ಶನಿವಾರ ಬೆಳಿಗ್ಗೆಯೇ ಕೂತು ಲೆಕ್ಕ ಹಾಕಿದ್ದೆ. ಬರುವ ಮೂವರು ಅತಿಥಿಗಳಲ್ಲಿ ಒಬ್ಬರಿಗೆ ನಮ್ಮ ಮೆಟ್ಟಿಲ ಮೇಲೆಯೇ ತಲೆ ಸುತ್ತಬಹುದು. ಇನ್ನೊಬ್ಬರಿಗೆ ಉಪ್ಪಿಟ್ಟಿನ ಎರಡನೇ ಚಮಚಕ್ಕೇ ವಾಂತಿಯಾಗಬಹುದು. ಅದನ್ನು ನೋಡಿ ಮೂರನೆಯವರಿಗೂ, ಮೂವರನ್ನೂ ನೋಡಿ ನನಗೂ ಆಗಬಹುದು. ಅದೇ ಹೊತ್ತಿಗೆ ನಲ್ಲಿ ನೀರು ನಿಲ್ಲಬಹುದು. ಆಂಬುಲೆನ್ಸ್ ಕರೆದರೆ ನಮ್ಮ ಓಣಿಯ ತಿರುವಿನಲ್ಲಿ ಸಿಕ್ಕಿಕೊಳ್ಳಬಹುದು. ಎದುರುಮನೆಯ ನಾಯಿ ಅತಿಥಿಯೊಬ್ಬರನ್ನು ಕಚ್ಚಬಹುದು. ಅರ್ಧ ತೂಕ ಇಳಿಸಿಕೊಂಡವರಿಗೆ ಇಂಜೆಕ್ಷನ್ನೂ ಅರ್ಧವೇ ಸಾಕೇ ಎಂದು ಯಾರನ್ನು ಕೇಳುವುದು? ಇವೆಲ್ಲಕ್ಕಿಂತ ದೊಡ್ಡದು ಒಂದಿತ್ತು. ಪಕ್ಕದ ಮನೆಯ ನಾಗರತ್ನಮ್ಮನವರಿಗೆ ಗೊತ್ತಾಗಬಹುದು!

ನಾನು ಹೊಳಲ್ಕೆರೆಯಲ್ಲಿ ವಿಮೆ ಏಜೆಂಟ್. ಆಗದ ಅನಾಹುತವನ್ನು ಜನರ ಕಣ್ಣಿಗೆ ಕಟ್ಟುವಂತೆ ಹೇಳುವುದೇ ನನ್ನ ಕಸುಬು. ಊರಲ್ಲಿ ನಾನು ಹೆದರಿಸದ ಮನೆಯಿಲ್ಲ. ಊರೆಲ್ಲ ಹೆದರಿಸಿ ಉಳಿದದ್ದನ್ನು ಸಂಜೆ ಮನೆಗೆ ತಂದು ನಾನೇ ಹೆದರುತ್ತೇನೆ.

ನಾಗರತ್ನಮ್ಮನವರಿಗೆ ಗೊತ್ತಾಗಬಾರದ ಸಂಗತಿ ಇಷ್ಟೇ. ಎಂಟು ತಿಂಗಳ ಹಿಂದೆ ನಾನು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದೆ. ಆಗ ನೂರಿಪ್ಪತ್ತೆಂಟು ಕೆಜಿ ಇದ್ದೆ. ಸಕ್ಕರೆ, ಬಿಪಿ, ಮಂಡಿನೋವು, ಗೊರಕೆ ಎಲ್ಲವೂ ನನ್ನೊಳಗೆ ಕೂಡುಕುಟುಂಬದಂತೆ ಸಂಸಾರ ಹೂಡಿದ್ದವು. ಡಾಕ್ಟರು ಹೊಟ್ಟೆಯ ಮುಕ್ಕಾಲು ಪಾಲು ತೆಗೆದು, ಬಾಳೆಹಣ್ಣಿನಷ್ಟು ಮಾತ್ರ ನನ್ನ ಸ್ವಂತಕ್ಕೆ ಬಿಟ್ಟುಕೊಟ್ಟರು. ಓಣಿಗೆ ನಾವು ಹೇಳಿದ್ದು ಹರ್ನಿಯಾ ಆಪರೇಷನ್ ಎಂದು. ಅದು ನನ್ನ ಹೆಂಡತಿ ಶೈಲಜಾಳ ಆಜ್ಞೆ.

"ಚೈತ್ರಾಗೆ ಗಂಡು ನೋಡ್ತಾ ಇದೀವಿ. ಅಪ್ಪನ ಹೊಟ್ಟೇನೇ ಕೊಯ್ದು ತೆಗ್ದವ್ರೆ ಅಂತ ಗೊತ್ತಾದ್ರೆ, ಇವ್ರ ವಂಶದಾಗೇ ಏನೋ ಐತೆ ಅಂತಾರೆ. ಸಂಬಂಧ ಕುದುರೋ ತನಕ ಉಸಿರು ಬಿಡಬ್ಯಾಡ್ರಿ."

ನಾನು ಉಸಿರು ಬಿಡಲಿಲ್ಲ. ಆದರೆ ತೂಕ ಸುಮ್ಮನಿರಬೇಕಲ್ಲ! ತಿಂಗಳು ತಿಂಗಳೂ ಕರಗಿದೆ. ಕೆನ್ನೆ ಒಳಗೆ ಹೋಯಿತು, ಕೂದಲು ಉದುರಿತು. ಓಣಿಯವರು ತಲೆಗೊಂದರಂತೆ ನನಗೆ ಕಾಯಿಲೆ ಹಂಚಿದರು. ಒಬ್ಬರು ಕಾಮಾಲೆ ಎಂದು ಬೇರಿನ ಔಷಧಿ ತಂದುಕೊಟ್ಟರು. ಇನ್ನೊಬ್ಬರು ಯಾರೋ ಮಾಟ ಮಾಡಿಸಿಟ್ಟಿದ್ದಾರೆ ಎಂದು ನಿಂಬೆಹಣ್ಣು ಕೊಟ್ಟರು. ನನ್ನ ಪಾಲಿಸಿದಾರನೊಬ್ಬ ಮೇಲಿಂದ ಕೆಳಗಿನವರೆಗೆ ನನ್ನನ್ನು ನೋಡಿ, "ಏಜೆಂಟ್ರೇ, ನಿಮ್ದೊಂದು ಪಾಲಿಸಿ ನೀವು ಮಾಡ್ಸಿದೀರಾ?" ಎಂದು ಬಹಳ ಕರುಣೆಯಿಂದ ಕೇಳಿದ.

ಹೀಗಿರುವಾಗ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಬೇಡ ಎಂದರೂ ಎಲೆಗೆ ಹೋಳಿಗೆ ಬಿತ್ತು. ಬಿದ್ದದ್ದನ್ನು ಬಿಟ್ಟು ಏಳುವುದು ನಮ್ಮ ಮನೆತನದಲ್ಲಿ ಇಲ್ಲ. ತಿಂದೆ. ಬರುವಾಗ ದಾರಿಯಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ಕಣ್ಣು ಕತ್ತಲೆ. ಸ್ಕೂಟರ್ ನಿಲ್ಲಿಸಿ ಹುಣಸೆಮರದ ಬುಡದಲ್ಲಿ ಕುಸಿದೆ. ಆಸ್ಪತ್ರೆಯ ಡಯಟ್ ಮೇಡಂ ಒಂದು ನಂಬರು ಕೊಟ್ಟು, "ಇವರಿಗೂ ಇದೇ ಆಪರೇಷನ್ ಆಗಿದೆ, ಬೇಕಾದಾಗ ಮಾತಾಡಿ" ಎಂದಿದ್ದರು. ಆಪರೇಷನ್ ಆದಮೇಲೆ ಮೊದಲ ಸಲ ಅದಕ್ಕೆ ಫೋನ್ ಮಾಡಿದೆ. ಎತ್ತಿದವರು ಚಿತ್ರದುರ್ಗದ ಹೈಸ್ಕೂಲ್ ಹೆಡ್‌ಮಿಸ್ ವಿಶಾಲಾಕ್ಷಮ್ಮ.

"ಏನು ತಿಂದ್ರಿ?" ಹೋಂವರ್ಕ್ ಕೇಳುವ ಧ್ವನಿ.

"ಹೋಳಿಗೆ, ಮೇಡಂ."

"ಎಷ್ಟು?"

"ಒಂದು. ತುಪ್ಪ ಅವ್ರೇ ಹಾಕಿದ್ರು."

"ನೆರಳಾಗೆ ಕುಂತ್ಕಳ್ರಿ. ನಿಧಾನಕ್ಕೆ ಉಸಿರಾಡ್ರಿ. ಇನ್ನು ಸ್ವಲ್ಪ ಹೊತ್ತಿಗೆ ಇಳೀದಿದ್ರೆ ಡಾಕ್ಟರಿಗೆ ಫೋನ್ ಮಾಡಾಣ. ನಮ್ಮಂಥೋರು ಸಿಹಿ ತಿಂದ್ರೆ ಹಿಂಗೇ ಆಗೋದು. ಇದು ಸಾವಲ್ಲ ಕಣ್ರಿ, ಹೋಳಿಗೆ!"

ಬೆವರು ಆರುವ ತನಕ ಅವರು ಫೋನ್ ಇಡಲಿಲ್ಲ. ತಾವು ಸ್ವಾತಂತ್ರ್ಯ ದಿನದ ಲಾಡು ತಿಂದು ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿದ ಕಥೆ ಹೇಳಿದರು. ಆ ಮರದ ಬುಡದಲ್ಲಿ ಕೂತು ನಾನು ನಕ್ಕೆ. ನಗುತ್ತಾ ಅತ್ತೆ ಅಂತಲೂ ಹೇಳಬಹುದು. ಇಷ್ಟು ದಿನ ಯಾರ ಹತ್ತಿರವೂ ಹೇಳದೆ ನುಂಗಿದ್ದೆಲ್ಲ ಹೊರಗೆ ಬಂತು. ನುಂಗಿದ್ದೇ ಜಾಸ್ತಿಯಾಗಿತ್ತು, ಇದ್ದ ಜಾಗ ಕಡಿಮೆ.

ಹೀಗೆ ನಾನು ಅವರ ಗುಂಪಿಗೆ ಸೇರಿದೆ. ಗುಂಪು ಎಂದರೆ ನನ್ನನ್ನೂ ಸೇರಿಸಿ ನಾಲ್ಕು ಜನ. ಮಾಡದಕೆರೆಯ ತೆಂಗಿನಕಾಯಿ ವ್ಯಾಪಾರಿ ರುದ್ರಪ್ಪ, ಬಬ್ಬೂರು ಫಾರಂನ ಗುಮಾಸ್ತ ಮಂಜುನಾಥ, ಹೆಡ್‌ಮಿಸ್, ನಾನು. ನಾಲ್ವರದ್ದೂ ಸೇರಿಸಿದರೆ ಸರಿಯಾಗಿ ಒಂದು ಪೂರ್ತಿ ಹೊಟ್ಟೆ! ತಿಂಗಳಿಗೊಂದು ಭಾನುವಾರ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಯಾರಿಗೆ ಏನು ದಕ್ಕಿತು, ಏನು ದಕ್ಕಲಿಲ್ಲ, ಯಾರ ಕೂದಲು ಮತ್ತೆ ಬಂತು, ಯಾರು ಕದ್ದು ಏನು ತಿಂದರು ಎಂದು ಒಪ್ಪಿಸುತ್ತಾರೆ. ಆ ಭಾನುವಾರ ನನ್ನ ಸರದಿ.

ಸಂಕಟ ಇದ್ದದ್ದು ಇಲ್ಲಿ. ಬರುವ ಬುಧವಾರ ಚೈತ್ರಾಳನ್ನು ನೋಡಲು ಚಿತ್ರದುರ್ಗದಿಂದ ಒಳ್ಳೆಯ ಕಡೆಯವರು ಬರುವವರಿದ್ದರು. ಆ ಸಂಬಂಧ ತಂದವರೇ ನಾಗರತ್ನಮ್ಮ! ಹುಡುಗನ ತಾಯಿ ಅವರಿಗೆ ಚಿಕ್ಕಪ್ಪನ ಮಗಳು. ನಾಗರತ್ನಮ್ಮನವರಿಗೆ ಹೇಳುವುದೂ ಒಂದೇ, ಬೀಗರ ಮನೆಯ ಹಜಾರದಲ್ಲಿ ಮೈಕು ಹಿಡಿಯುವುದೂ ಒಂದೇ. ಆದರೂ ನಾನು ಧೈರ್ಯ ಮಾಡಿದೆ. ಭಾನುವಾರ ಹತ್ತೂವರೆಗೆ ಆಕೆ ಮಠಕ್ಕೆ ಹೋದರೆ ಬರುವುದು ಒಂದು ಗಂಟೆಗೆ. ಹನ್ನೊಂದಕ್ಕೆ ಕರೆಸಿ ಹನ್ನೆರಡೂವರೆಗೆ ಕಳಿಸಿದರಾಯಿತು. ಸುಲಭ!

"ಒಬ್ಬೊಬ್ರಿಗೆ ಮೂರು ಚಮಚ ಉಪ್ಪಿಟ್ಟು. ನಂದೂ ಸೇರಿ ಹನ್ನೆರಡು ಚಮಚ ಮಾಡಿದ್ರೆ ಸಾಕು," ಎಂದೆ ಶೈಲಜಾಗೆ.

"ಹನ್ನೆರಡು ಚಮಚ ಉಪ್ಪಿಟ್ಟು ಮಾಡೋ ಪಾತ್ರೆ ನನ್ನತ್ರ ಇಲ್ಲ," ಎಂದಳು. "ನಮ್ಮನೆಗೆ ಬಂದೋರು ಮೂರು ಚಮಚ ತಿಂದು ಹೋದ್ರು ಅಂದ್ರೆ ನನ್ನ ಮಾನ ಏನಾಗಬೇಕು?"

ಉಪ್ಪಿಟ್ಟು, ಕೇಸರಿಬಾತು, ಬೋಂಡ. ಹದಿನೈದು ಜನಕ್ಕಾಗುವಷ್ಟು.

ಹನ್ನೊಂದಕ್ಕೆ ಸರಿಯಾಗಿ ಅತಿಥಿಗಳು ಬಂದರು. ಬಾಗಿಲು ತೆಗೆದವನಿಗೆ ಎದೆ ಧಸಕ್ಕೆಂದಿತು. ರುದ್ರಪ್ಪನವರು ಮೊದಲ ಸಲ ಒಬ್ಬರ ಮನೆಗೆ ಹೋಗುವುದೆಂದು ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿದ್ದರು. ಬರಿಗೈಯಲ್ಲಿ ಬರಬಾರದೆಂದು ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ, ಮೇಲೊಂದು ಮೊಳ ಮಲ್ಲಿಗೆ! ಪಕ್ಕದಲ್ಲಿ ರೇಷ್ಮೆ ಸೀರೆಯ ವಿಶಾಲಾಕ್ಷಮ್ಮ. ಇಬ್ಬರ ಹಿಂದೆ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟು, ತಲೆ ಬಗ್ಗಿಸಿ ನಿಂತ ಮೂವತ್ತರ ಮಂಜುನಾಥ.

ಅಪ್ಪ, ಅಮ್ಮ, ಗಂಡು! ಒಬ್ಬ ಫೋಟೋಗ್ರಾಫರ್ ಮಾತ್ರ ಕಡಿಮೆ.

ಬೇಗ ಒಳಗೆ ಕೂರಿಸಿದೆ. ಚೈತ್ರಾ ತಟ್ಟೆಗಳನ್ನು ತಂದುಕೊಟ್ಟಳು. ನಮ್ಮ ಊಟದ ಕ್ರಮ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸಣ್ಣ ಚಮಚದಲ್ಲಿ ಅವರೆಕಾಳಷ್ಟು ಬಾಯಿಗಿಟ್ಟು ಇಪ್ಪತ್ತು ಸಲ ಅಗಿಯಬೇಕು. ಅಗಿಯುವಾಗ ಮಾತಿಲ್ಲ. ತಿಂದು ಅರ್ಧ ಗಂಟೆಯಾಗುವ ತನಕ ನೀರು ಕುಡಿಯುವಂತಿಲ್ಲ. ನಾಲ್ವರೂ ತಟ್ಟೆ ಮುಂದಿಟ್ಟುಕೊಂಡು, ಗೋಡೆ ನೋಡುತ್ತಾ, ಲೆಕ್ಕ ಹಾಕಿ ಅಗಿಯತೊಡಗಿದೆವು.

ಆಗ ಬಾಗಿಲಲ್ಲಿ ನೆರಳು. ಮಂಡಿನೋವೆಂದು ಅಂದು ಮಠಕ್ಕೆ ಹೋಗದಿದ್ದ ನಾಗರತ್ನಮ್ಮ, ಕೈಯಲ್ಲಿ ಬಟ್ಟಲು!

"ಶೈಲಮ್ಮಾ, ಹೆಪ್ಪಿಗೆ ಒಂಚೂರು ಮೊಸರು..."

ಅವರ ಕಣ್ಣು ಮಲ್ಲಿಗೆ ನೋಡಿತು, ಶಲ್ಯ ನೋಡಿತು, ಮಂಜುನಾಥನ ಅಂಗಿಯ ಗೆರೆ ನೋಡಿತು, ಖಾಲಿ ತಟ್ಟೆ ಹಿಡಿದು ನಿಂತ ಚೈತ್ರಾಳನ್ನು ನೋಡಿತು. ಎದ್ದು "ಬರ್ರಿ" ಎನ್ನಬೇಕೆಂದುಕೊಂಡೆ. ಬಾಯಲ್ಲಿ ಹದಿನಾಲ್ಕನೇ ಅಗಿತ. ಮೊಸರನ್ನು ಮರೆತು ಬಟ್ಟಲು ಸಮೇತ ಅವರು ಹೊರಟೇಹೋದರು.

ಕಿಟಕಿಯಿಂದ ನೋಡಿದೆ. ಎದುರಿನ ಕಟ್ಟೆಯ ಮೇಲೆ ಮೂವರು ಹೆಂಗಸರು ಸೇರಿದ್ದರು.

"ರೀ," ಶೈಲಜಾ ಅಡುಗೆಮನೆಯಿಂದ ಪಿಸುಗುಟ್ಟಿದಳು, "ಬುಧವಾರದೋರನ್ನ ಇಟ್ಕಂಡು ಭಾನುವಾರ ಇನ್ನೊಬ್ರಿಗೆ ತೋರಿಸ್ತಾ ಇದಾರೆ ಅಂದ್ಕಂಡಿರ್ತಾರೆ!"

"ಅಪ್ಪಾ," ಎಂದಳು ಚೈತ್ರಾ ನಗು ತಡೆಯುತ್ತಾ, "ಆ ಅಣ್ಣ ನನ್ನ ಕಡೆ ಒಂದ್ಸಲಾನೂ ನೋಡ್ಲಿಲ್ಲ. ಬೋಂಡಾನೇ ನೋಡ್ತಿದ್ದ."

ನಾನು ಸಭೆಯನ್ನು ಬೇಗ ಮುಗಿಸಿದೆ. ಮೂರು ಚಮಚ ತಿಂದು ಅತಿಥಿಗಳು ಎದ್ದರು. ತಟ್ಟೆಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಓಣಿಯ ಕಣ್ಣಿಗೆ ಇದಕ್ಕಿಂತ ದೊಡ್ಡ ಅಪಶಕುನ ಬೇರೆಯಿಲ್ಲ. ಹೆಣ್ಣಿನ ಮನೆಯಲ್ಲಿ ತಿಂಡಿ ಮುಟ್ಟದೆ ಎದ್ದರೆ ಹೆಣ್ಣು ಒಪ್ಪಿಗೆಯಾಗಲಿಲ್ಲ ಎಂದೇ ಅರ್ಥ! ಗೇಟಿನಲ್ಲಿ ನಾಗರತ್ನಮ್ಮ ಕಾದಿದ್ದರು. ನಮ್ಮನ್ನು ಬಿಟ್ಟು ನೇರ ಮಂಜುನಾಥನ ಹತ್ತಿರ ಹೋದರು.

"ಏನಪ್ಪ, ಯಾವೂರು?"

"ಬಬ್ಬೂರು, ಅಮ್ಮ."

"ಮನೇಲಿ ಯಾರ್ಯಾರು ಇದೀರಿ?"

"ಅವ್ವ, ನಾನು, ಹೆಂಡ್ತಿ, ಎರಡು ಮಕ್ಳು."

ನಾಗರತ್ನಮ್ಮ ನನ್ನ ಕಡೆ ತಿರುಗಿದ ರಭಸಕ್ಕೆ ಕಟ್ಟೆಯ ಹೆಂಗಸರೆಲ್ಲ ಎದ್ದು ನಿಂತರು.

"ಏಜೆಂಟ್ರೇ! ಹೆಂಡ್ತಿ ಇರೋನಿಗೆ ಹೆಣ್ಣು ಕೊಡ್ತೀರಾ? ಬಂಗಾರದಂಥ ಹುಡ್ಗಿ ನಿಮಗೆ ಭಾರ ಆಗಿದ್ಲಾ? ಅದೂ ಇವ್ರು ಒಂದು ಬೋಂಡಾನೂ ಮುಟ್ಟದೆ ಎದ್ದು ಹೊಂಟವ್ರೆ! ನನ್ನ ತಂಗಿಗೆ ನಾನು ಏನಂತ ಮಖ ತೋರಿಸ್ಲಿ?"

ಚೈತ್ರಾಳ ಮುಖದಲ್ಲಿ ನಗು ಹೋಗಿತ್ತು. ಮಗಳಿಗಾಗಿ ಎಂಟು ತಿಂಗಳು ಮುಚ್ಚಿಟ್ಟ ಸಂಗತಿಯನ್ನು ಈಗ ಮಗಳಿಗಾಗಿಯೇ ಬಿಚ್ಚಬೇಕಿತ್ತು. ನಾಲಿಗೆ ಒಣಗಿತು. ನೀರು ಕುಡಿಯಲು ಇನ್ನೂ ಹತ್ತು ನಿಮಿಷ ಬಾಕಿ.

"ನಾಗರತ್ನಮ್ಮಾ, ಇವ್ರು ಹೆಣ್ಣು ನೋಡಕೆ ಬಂದಿಲ್ಲ. ನನ್ನ ನೋಡಕೆ ಬಂದೋರು. ನಂದು... ಹರ್ನಿಯಾ ಅಲ್ಲ. ಅದು..."

ಸಾವಿರ ಜನರ ಮುಂದೆ ಸಾವಿನ ಬಗ್ಗೆ ನಿರರ್ಗಳವಾಗಿ ಮಾತಾಡಿದವನು ನಾನು! ಗೇಟಿನ ಸರಳು ಹಿಡಿದು ನಿಂತುಬಿಟ್ಟೆ.

ಆಗ ರುದ್ರಪ್ಪನವರು ಶಲ್ಯ ಸರಿಸಿ, ಅಂಗಿ ಮೇಲೆತ್ತಿ, ನಡುಬೀದಿಯಲ್ಲಿ ಹೊಟ್ಟೆ ತೋರಿಸಿದರು.

"ನೋಡವ್ವ, ಇಲ್ಲೊಂದು, ಇಲ್ಲೊಂದು. ಒಟ್ಟು ಐದು ತೂತು. ದಪ್ಪ ಇಳಿಸಕೆ ಹೊಟ್ಟೆ ಕತ್ತರಿಸವ್ರೆ. ಇವ್ರಿಗೂ ಅದೇ, ನಮ್ಮೆಲ್ರಿಗೂ ಅದೇ. ಬೋಂಡ ಚೆನ್ನಾಗೈತೆ ಕಣವ್ವ, ಇಡಾಕೆ ಜಾಗ ಇಲ್ಲ."

ಮಂಜುನಾಥ ಫೋನ್ ತೆಗೆದು ತನ್ನ ಹಳೆಯ ಫೋಟೋ ತೋರಿಸಿದ. "ಇದ್ಯಾರು, ನಿಮ್ಮಣ್ಣನಾ?" ಎಂದರು ನಾಗರತ್ನಮ್ಮ. ವಿಶಾಲಾಕ್ಷಮ್ಮ ಮೆಲ್ಲನೆ ನನ್ನ ಪಕ್ಕಕ್ಕೆ ಬಂದು, "ಉಸಿರಾಡ್ರಿ," ಎಂದರು. ಆಡಿದೆ. ಆಮೇಲೆ ಉಳಿದದ್ದನ್ನೆಲ್ಲ ನಾನೇ ಹೇಳಿದೆ. ಮಧ್ಯೆ ಎರಡು ಸಲ ಅಳು ಬಂದಂತಾಯಿತು. ಎರಡೂ ಸಲ ನಮ್ಮ ಗುಂಪಿನ ಮೂವರಲ್ಲಿ ಒಬ್ಬರು "ಹೂಂ, ಹೇಳ್ರಿ" ಎಂದರು.

ನಾಗರತ್ನಮ್ಮ ಸೊಂಟದಿಂದ ಫೋನ್ ತೆಗೆದು ಅಲ್ಲೇ ಚಿತ್ರದುರ್ಗಕ್ಕೆ ಹಚ್ಚಿದರು. ನಾನು ಕಣ್ಣು ಮುಚ್ಚಿಕೊಂಡೆ. ಬುಧವಾರ ನನ್ನ ಕಣ್ಣ ಮುಂದೆಯೇ ಕ್ಯಾಲೆಂಡರಿನಿಂದ ಉದುರಿಬಿತ್ತು.

"ಹಲೋ, ಅಲ್ಲ ಕಣೆ, ಹುಡ್ಗಿ ಅಪ್ಪಂಗೆ ದಪ್ಪ ಇಳ್ಸೋ ಆಪರೇಷನ್ ಆಗೈತಂತೆ... ಹೂಂ... ಹೂಂ... ಹಂಗಾ?" ಫೋನ್ ಇಟ್ಟು ನನ್ನ ಕಡೆ ನೋಡಿದರು. "ಬುಧವಾರ ಬರ್ತಾರಂತೆ. ಹುಡ್ಗೀನ ಮಾಡ್ಕಳೋದು ಕಣಕ್ಕ, ಅವ್ರಪ್ಪನ ಹೊಟ್ಟೆ ಕಟ್ಕಂಡು ನಮಗೇನಾಗ್ಬೇಕು ಅಂದ್ಲು."

ಇಷ್ಟೇ! ಎಂಟು ತಿಂಗಳು ನಾನು ನಿದ್ದೆಗೆಟ್ಟು ಕಾದ ಮಹಾರಹಸ್ಯದ ಬೆಲೆ ಇಷ್ಟೇ! ಕಟ್ಟೆಯ ಹೆಂಗಸರು ಗಂಡು ಬರಲಿಲ್ಲವಲ್ಲ ಎಂಬ ನಿರಾಸೆಯಲ್ಲಿ ಚದುರಿದರು. ಹದಿನೈದು ಜನರ ಉಪ್ಪಿಟ್ಟು ಮನೆಮನೆಗೆ ಹಂಚಿಹೋಯಿತು. ಶೈಲಜಾಳ ಮಾನ ಉಳಿಯಿತು. ಯಾರಿಗೂ ತಲೆ ಸುತ್ತಲಿಲ್ಲ, ನಾಯಿ ಬಾಲ ಅಲ್ಲಾಡಿಸಿತು. ಮೂವರನ್ನೂ ಬಸ್ ಹತ್ತಿಸಿ ಬಂದಾಗ ನನ್ನ ಹೆಗಲು ಎಂದಿಲ್ಲದಷ್ಟು ಹಗುರವಾಗಿತ್ತು.

ಎಡವಟ್ಟಾದದ್ದು ಒಂದೇ ಒಂದು, ಅದೂ ತೀರ ಸಣ್ಣದು.

ಹೋಗುವ ಮುಂಚೆ ನಾಗರತ್ನಮ್ಮ ಕೇಳಿದ್ದರು: "ಹಂಗಾದ್ರೆ ನಿಮ್ಮ ಹಳೇ ಪ್ಯಾಂಟುಗಳ್ನ ಏನ್ಮಾಡಿದ್ರಿ? ನಮ್ಮನೆಯವ್ರಿಗೆ ಅಂಗಡ್ಯಾಗೆ ಸೈಜೇ ಸಿಗಲ್ಲ." ಅವರ ಮನೆಯವರು ತಿಪ್ಪೇಸ್ವಾಮಿ. ನಮ್ಮ ಓಣಿಗೆಲ್ಲ ಅತಿ ದಪ್ಪ ಮನುಷ್ಯ ಅವರೇ ಎಂಬುದು ನನ್ನ ಬಹುಕಾಲದ ನಂಬಿಕೆ. ನೂರಿಪ್ಪತ್ತೆಂಟು ಕೆಜಿಯ ದಿನಗಳಲ್ಲೂ ಕನ್ನಡಿಯ ಮುಂದೆ ನಿಂತು, "ಪಾಪ, ತಿಪ್ಪೇಸ್ವಾಮಿಯಷ್ಟೇನಿಲ್ಲ" ಎಂದು ಸಮಾಧಾನ ಪಟ್ಟುಕೊಂಡವನು ನಾನು. ಬಿಗಿಯಾದಾವು ಎಂಬ ಆತಂಕದಲ್ಲೇ, ಇದ್ದುದರಲ್ಲಿ ದೊಡ್ಡವು ನಾಲ್ಕನ್ನು ಆರಿಸಿ ಕೊಟ್ಟು ಕಳಿಸಿದೆ.

ಸಂಜೆ ನಾಗರತ್ನಮ್ಮ ನಾಲ್ಕನ್ನೂ ಮಡಿಸಿ ವಾಪಸ್ ತಂದರು.

"ಬ್ಯಾಸ್ರ ಮಾಡ್ಕಬ್ಯಾಡ್ರಿ ಏಜೆಂಟ್ರೇ. ಹಾಕಿ ನೋಡಿದ್ರು. ಇದ್ರೊಳಗೆ ಇನ್ನೊಬ್ರು ಹಿಡೀತಾರೆ ಅಂತಾರೆ!"