ಕಡೂರಲ್ಲಿಲ್ಲದ ಕಾಯಿಲೆಗೆ ಮಾತ್ರೆ

ಕಾಲು ಮುರಿದುಕೊಂಡವನನ್ನು ನೋಡಲು ಜನ ಬಾಳೆಹಣ್ಣು, ಬ್ರೆಡ್ಡು ಹಿಡಿದು ಬರುತ್ತಾರೆ. ತಲೆ ಕೆಟ್ಟವನ ಮನೆಗೆ ಯಾರೂ ಬರುವುದಿಲ್ಲ. ಅವನಿಗೆ ಮಾತ್ರೆ ಕೊಳ್ಳಲು ಹೊರಟವರಿಗೆ ಮಾತ್ರ ಈ ಕೆಳಗಿನಂಥ ಪ್ರಸಂಗಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ನನ್ನ ಗಂಡ ರೈಲ್ವೆಯಲ್ಲಿ ಪಾರ್ಸಲ್ ಗುಮಾಸ್ತರು. ಒಂದು ಕಡೆ ಕಾಲೂರಿ ನಿಲ್ಲುವ ಜಾಯಮಾನ ನನ್ನದಲ್ಲ. ರೈಲಿನ ಪುಕ್ಕಟೆ ಪಾಸು ಕೈಗೆ ಬಂದರೆ ಸಾಕು, ಕಾಶಿಯೋ ಕನ್ಯಾಕುಮಾರಿಯೋ, ಚೀಲ ಹೆಗಲಿಗೇರುತ್ತಿತ್ತು. ದೇಶದ ಉದ್ದಗಲಕ್ಕೂ ಬಗೆಬಗೆಯ ಪೆದ್ದರನ್ನು ಕಂಡಿದ್ದೇನೆ. ಎಪ್ಪತ್ತರ ದಶಕದ ಕೊನೆಗೆ ಕಡೂರಿಗೆ ವರ್ಗವಾದ ಮೇಲೆ ತಿಳಿಯಿತು, ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ ಅಂತ.

ನನ್ನ ತಮ್ಮ ಅಜ್ಜಂಪುರದಲ್ಲಿ ಟೈಲರು. ಒಮ್ಮೆ ನಿದ್ದೆ ಬಿಟ್ಟು, ಊಟ ಬಿಟ್ಟು, ದಿನಗಟ್ಟಲೆ ಮಾತಾಡುತ್ತಲೇ ಇದ್ದುಬಿಟ್ಟ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸಿ, ಮಾತ್ರೆ ಶುರುವಾದ ಮೇಲೆ ಮೊದಲಿನ ಮನುಷ್ಯನಾದ. "ಒಂದು ದಿನವೂ ತಪ್ಪಿಸಬೇಡಿ. ತಪ್ಪಿಸಿದರೆ ಮತ್ತೆ ಕೆರಳುತ್ತೆ" ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದರು. ಅವರು ಕೊಟ್ಟ ಮಾತ್ರೆ ಮುಗಿಯುತ್ತ ಬಂತು. ಹೊರಗೆ ಕೊಂಡರೆ ಅವನ ಕತ್ತರಿ ದುಡಿದದ್ದೆಲ್ಲ ಅದಕ್ಕೇ ಸಾಲದು. ಅಗ್ಗಕ್ಕೆ ಎಲ್ಲಾದರೂ ಸಿಗಬಹುದೇನೋ ಅಂತ ಚೀಟಿ ಹಿಡಿದು ನಾನು ಹೊರಟೆ. ನನ್ನ ಹಿಂದೆ ಅಮ್ಮ ಹೊರಟಳು, ಮನೆಯ ಮಾನ ಕಾಯೋದಕ್ಕೆ.

೧. ತಲೆಗೆ ಮಾತ್ರೆ

ಕಡೂರಿನ ಬಸ್ ಸ್ಟ್ಯಾಂಡ್ ಎದುರಿಗೆ ಒಂದು ಮೆಡಿಕಲ್ ಶಾಪು. ಮೆಟ್ಟಿಲ ಹತ್ತಿರವೇ ಅಮ್ಮ ನನ್ನ ಸೆರಗು ಜಗ್ಗಿದಳು. "ಹುಚ್ಚು ಗಿಚ್ಚು ಅಂತ ಬಾಯಿ ಬಿಡಬೇಡ ಕಣೇ. ನಾನು ಕೇಳ್ತೀನಿ."

ಮುಂದೆ ಹೋಗಿ ದನಿ ತಗ್ಗಿಸಿ, "ತಲೆಗೆ ಮಾತ್ರೆ ಕೊಡಪ್ಪಾ" ಅಂದಳು.

ಅಂಗಡಿಯವನು ತಲೆನೋವಿನ ಮಾತ್ರೆ ಕೊಟ್ಟ.

"ಇದಲ್ಲ. ತಲೆ ಒಳಗಡೆಗೆ."

ನೆಗಡಿ ಕಟ್ಟಿಕೊಂಡಿರಬೇಕು ಅಂತ ಅವನು ಮೂಗಿಗೆ ಬಿಡುವ ಡ್ರಾಪ್ಸ್ ತೆಗೆದ.

"ಇನ್ನೂ ಒಂಚೂರು ಮೇಲೆ ಕಣಪ್ಪಾ."

ಹೇನಿನ ಎಣ್ಣೆ ತಂದಿಟ್ಟ.

ನನಗೆ ತಡೆಯಲಾಗಲಿಲ್ಲ. ಚೀಟಿಯನ್ನು ಅವನ ಮುಂದೆ ಬಡಿದೆ. ಅವನು ಓದಿದ. ಕದ್ದ ಸರ ಮಾರಲು ತಂದಿದ್ದೇವೇನೋ ಅನ್ನುವ ಹಾಗೆ ಎಡಕ್ಕೂ ಬಲಕ್ಕೂ ನೋಡಿ, ಚೀಟಿ ಮಡಚಿ ವಾಪಸ್ಸು ತಳ್ಳಿದ. "ಇಂಥವೆಲ್ಲ ನಾವು ಇಡಲ್ಲ ಕಣಮ್ಮ. ಕಡೂರಲ್ಲಿ ಆ ಕಾಯಿಲೆ ಇಲ್ಲ."

ಹಿಂದೆ ತಿರುಗಿ ನೋಡಿದೆ. ಆಗಷ್ಟೇ ಒಂದು ಬಸ್ಸು ಬಂದು ನಿಂತಿತ್ತು. ಒಬ್ಬ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ. ಇನ್ನೊಬ್ಬ ಅದನ್ನು ಕಿತ್ತು ಬಿಸಾಕಿ ತನ್ನ ರುಮಾಲು ಹಾಸಿದ. ಮೂರನೆಯವನು ರುಮಾಲಿನ ಮೇಲೆ ಅಳುವ ಮಗುವನ್ನೇ ಕಿಟಕಿಯಿಂದ ತೂರಿಸಿ ಬಾಗಿಲ ಕಡೆಗೆ ಓಡಿದ. "ಇದು ಎಲ್ಲಿಗೂ ಹೋಗಲ್ಲ ಕಣ್ರೀ, ಡಿಪೋಗೆ ಹೋಗುತ್ತೆ, ಇಳೀರಿ" ಅಂತ ಕಂಡಕ್ಟರ್ ಕೂಗಿಕೊಂಡ. ಕಷ್ಟಪಟ್ಟು ಹಿಡಿದ ಸೀಟು. ಒಬ್ಬನೂ ಇಳಿಯಲಿಲ್ಲ.

೨. ನರದ ವೀಕ್ನೆಸ್ಸು

ತರೀಕೆರೆಯಲ್ಲಿ ಒಬ್ಬ ಡಾಕ್ಟರು, ಔಷಧಿ ಕಂಪನಿಯವರು ಕೊಟ್ಟುಹೋದ ಸ್ಯಾಂಪಲ್ ಮಾತ್ರೆಗಳನ್ನು ಇಲ್ಲದವರಿಗೆ ಸುಮ್ಮನೆ ಕೊಡುತ್ತಾರಂತೆ ಅಂತ ಸುದ್ದಿ ಬಂತು. ಈ ಸಲ ತಮ್ಮನನ್ನೂ ಕರೆದುಕೊಂಡು ಹೋದೆವು. ಬೆಂಚಿನ ತುಂಬ ಜನ. ಸುಮ್ಮನೆ ಕೂರಲಾರದ ಒಬ್ಬಾತ, "ಮಗನಿಗೆ ಏನಾಗಿದೆಯಮ್ಮಾ?" ಎಂದು ಕೇಳಿದ.

ಅಮ್ಮ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಇಡೀ ಬೆಂಚಿಗೆ ಕೇಳುವಂತೆ, "ನರದ ವೀಕ್ನೆಸ್ಸು" ಅಂದಳು.

ಬೆಂಚಿನವರೆಲ್ಲ ತಮ್ಮನ ಕಡೆ ತಿರುಗಿದರು. ಆ ಕಾಲದಲ್ಲಿ ಬಸ್ ಸ್ಟ್ಯಾಂಡಿನ ಸುತ್ತಲ ಗೋಡೆಗಳ ಮೇಲೆಲ್ಲ ಕೆಂಪಕ್ಷರದಲ್ಲಿ, "ನರದೌರ್ಬಲ್ಯವೇ? ನವವಿವಾಹಿತರೇ, ಚಿಂತೆ ಬಿಡಿ" ಎಂದು ಬರೆದಿರುತ್ತಿತ್ತಲ್ಲ, ಅದು ಯಾವ ನರ ಅಂತ ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಡಾಕ್ಟರೂ ಅದನ್ನೇ ಕೇಳಿಸಿಕೊಂಡು, ಚೀಟಿ ನೋಡುವ ತೊಂದರೆ ತೆಗೆದುಕೊಳ್ಳದೆ ಹೆಂಗಸರನ್ನು ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಕೆಂಪು ಮುಖ ಹೊತ್ತು ತಮ್ಮ ಹೊರಗೆ ಬಂದ. ಕೈಯಲ್ಲಿ ಸೀಸೆ ಟಾನಿಕ್ಕು.

"ಏನಂದ್ರೋ?" ಅಂದಳು ಅಮ್ಮ.

"ಹಾಲಿಗೆ ಬಾದಾಮಿ ಹಾಕ್ಕೊಂಡು ಕುಡೀಬೇಕಂತೆ. ಈಗಲೇ ಮದುವೆ ಬೇಡವಂತೆ."

"ಹಾಲಿಗೂ ಮದುವೆಗೂ ಏನೋ ಸಂಬಂಧ?"

ತಮ್ಮ ನನ್ನ ಮುಖ ನೋಡಿದ. ನಾನು ಎದುರು ಗೋಡೆಯ ಕೆಂಪಕ್ಷರ ನೋಡಿದೆ.

ಅವನಿಗೆ ಪಕ್ಕದೂರು ಶಿವನಿಯಲ್ಲಿ ಹೆಣ್ಣಿನ ಮಾತು ನಡೆಯುತ್ತಿತ್ತು. ನಾವು ಮನೆ ಮುಟ್ಟುವ ಮೊದಲೇ ತರೀಕೆರೆಯ ಸುದ್ದಿ ಶಿವನಿ ಮುಟ್ಟಿತ್ತು. ವಾರದೊಳಗೆ ಹೆಣ್ಣಿನ ತಂದೆ ಅಜ್ಜಂಪುರಕ್ಕೆ ಬಂದು ಕೂತರು. ಕೊಟ್ಟ ಕಾಫಿ ಮುಟ್ಟಲಿಲ್ಲ. "ನೋಡಪ್ಪಾ, ಮುಚ್ಚುಮರೆ ಬೇಡ. ನಿನಗೆ ನರದ ವೀಕ್ನೆಸ್ಸಂತೆ, ಹೌದಾ?"

"ಸುಳ್ಳು ಕಣ್ರೀ" ಅಂದ ತಮ್ಮ. ಅಮ್ಮ ಬಾಗಿಲ ಸಂದಿಯಿಂದ ಕೈ ಆಡಿಸುತ್ತಿದ್ದರೂ ಬಿಡಲಿಲ್ಲ. "ನಂಗೆ ತಲೆ ಕೆಟ್ಟಿತ್ತು. ಮಾತ್ರೆ ನುಂಗ್ತೀನಿ, ಈಗ ಸರಿಯಾಗಿದೀನಿ."

ಅವರು ದೊಡ್ಡದಾಗಿ ಉಸಿರು ಬಿಟ್ಟು ಕಾಫಿ ಲೋಟ ಎತ್ತಿಕೊಂಡರು. "ಅಷ್ಟೇನಾ? ನಾನೇನೋ ಅಂದ್ಕೊಂಡು ಹೆದರಿಬಿಟ್ಟಿದ್ದೆ ಕಣಯ್ಯಾ."

೩. ಅಮಾವಾಸ್ಯೆ, ಹುಣ್ಣಿಮೆ

ಹೆಣ್ಣಿನ ಕಡೆಯವರದು ಒಂದೇ ಷರತ್ತು: ಮಾತ್ರೆ ತಪ್ಪಕೂಡದು, ತಪ್ಪಿದರೆ ಸಂಬಂಧ ಇಲ್ಲ. ಅಷ್ಟರಲ್ಲಿ ಆ ವರ್ಷದ ಪಾಸು ಬಂದಿತ್ತು. ನಾನು ಅದರಲ್ಲಿ ಬೆಂಗಳೂರಿಗೆ ಹೋಗಿ, ದೊಡ್ಡಾಸ್ಪತ್ರೆಯಲ್ಲಿ ಕಾದು ನಿಂತು, ಕೊಟ್ಟಷ್ಟು ಮಾತ್ರೆ ತಂದು ಅಮ್ಮನ ಕೈಗಿಟ್ಟೆ. ಆಮೇಲೆ ಪುರಿ ಕಡೆಗೆ ಹೊರಟೆ. ತಿರುಗಿ ಬಂದಾಗ ಅಮ್ಮ ಹೆಮ್ಮೆಯಿಂದ ಡಬ್ಬಿ ಅಲ್ಲಾಡಿಸಿ ತೋರಿಸಿದಳು. ಅದು ಇನ್ನೂ ತುಂಬಿತ್ತು.

"ಇಷ್ಟೊಂದು ಹೇಗಮ್ಮಾ ಉಳೀತು?"

"ತಲೆ ಕೆರಳೋದು ಅಮಾವಾಸ್ಯೆ ಹುಣ್ಣಿಮೆಗೆ ತಾನೆ? ಆವತ್ತು ಮಾತ್ರ ಕೊಡ್ತೀನಿ. ಮಿಕ್ಕ ದಿನ ಯಾಕೇ ದಂಡ?"

ಓಡಿಹೋಗಿ ನೋಡಿದರೆ ತಮ್ಮ ಮಿಷನ್ನಿನ ಮುಂದೆ ಕೂತು ತುಳಿಯುತ್ತಲೇ ಇದ್ದ. ಕಣ್ಣು ಕೆಂಡದ ಹಾಗಿತ್ತು. ಬೆಲ್ ಬಾಟಮ್ಮಿನ ಕಾಲ ಅದು. ಇವನು ಹೊಲಿದ ಒಂದೊಂದು ಕಾಲಿನಲ್ಲೂ ಕೋಳಿಯೊಂದು ಮರಿಗಳ ಸಮೇತ ಸಂಸಾರ ಮಾಡಬಹುದಿತ್ತು. ಊರಿನ ಪಡ್ಡೆಗಳು ಅದಕ್ಕೆ ಮರುಳಾಗಿ ರಸ್ತೆವರೆಗೂ ಸಾಲು ನಿಂತಿದ್ದರು. "ಇಷ್ಟು ಸಂಪಾದನೆ ಯಾವತ್ತೂ ಆಗಿರಲಿಲ್ಲ. ಇನ್ನು ಮಾತ್ರೆ ಯಾಕೆ ಅಂತೀನಿ" ಅಂದಳು ಅಮ್ಮ.

ಮಾರನೆಯ ದಿನ ಅವನು ಟೇಪು ಕೊರಳಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋದ. ಹಿಂದೆಯೇ ನಾನು ಓಡಿದೆ. ನಿಂತ ರೈಲಿನ ಚಕ್ರದ ಪಕ್ಕ ಮಂಡಿಯೂರಿ ಅಳತೆ ತೆಗೆಯುತ್ತಿದ್ದ. "ಊರೂರಿಗೆ ಬರಿಗಾಲಲ್ಲಿ ಓಡುತ್ತೆ ಪಾಪ. ಪ್ಯಾಂಟ್ ಹೊಲ್ದುಕೊಡ್ತೀನಿ ಅಕ್ಕ." ನಾನು ಅಂಗಿ ಹಿಡಿದು ದರದರ ಈಚೆ ಎಳೆದೆ.

ಗಾರ್ಡು ಹಸಿರು ಬಾವುಟ ಹಿಡಿದು ಓಡಿ ಬಂದರು. "ಏನಯ್ಯಾ, ಗಾಡಿ ಹೊರಡಬೇಕು."

ತಮ್ಮ ಟೇಪು ಸುತ್ತಿಕೊಳ್ಳುತ್ತ, "ಅರ್ಜೆಂಟಾದ್ರೆ ಆಗಲ್ಲ ಸಾರ್. ಟ್ರಯಲ್‌ಗೆ ಇನ್ನೊಂದು ಸಲ ತಗೊಂಡ್ಬನ್ನಿ" ಅಂದ.

೪. ಅಕ್ಕನ ಕಾಯಿಲೆ

ಅಂದಿನಿಂದ ಡಬ್ಬಿ ನನ್ನ ವಶವಾಯಿತು. ತಮ್ಮ ದಿನಾ ನುಂಗಿ ನಿಧಾನಕ್ಕೆ ದಾರಿಗೆ ಬಂದ. ಆದರೆ ಡಬ್ಬಿ ಬರಿದಾಗುತ್ತ ಬಂತು, ವರ್ಷದ ಪಾಸೂ ಮುಗಿದಿತ್ತು.

ನಮ್ಮ ಲೈನಿಗೆ ಆಗಾಗ ರೈಲ್ವೆ ಡಾಕ್ಟರು ಬರುತ್ತಿದ್ದರು. ನನ್ನ ಗಂಡ ಹೋಗಿ ವಿಚಾರಿಸಿದರು. ನೌಕರನ ಹೆಂಡತಿ ಮಕ್ಕಳಿಗಾದರೆ ಔಷಧಿ ಪುಕ್ಕಟೆ, ಹೆಂಡತಿಯ ತಮ್ಮನಿಗೆ ರೂಲ್ಸಿಲ್ಲ ಅಂತ ಉತ್ತರ ಬಂತು. ಮುಂದಿನ ಸಲ ಡಾಕ್ಟರು ಬಂದಾಗ ಅವರೆದುರು ನಾನೇ ಹೋಗಿ ಕೂತೆ.

"ನಿದ್ದೆ ಬರುತ್ತಾಮ್ಮಾ?"

"ಸರಿಯಾಗಿ ಬಂದು ವರ್ಷವಾಯ್ತು."

"ಸಿಟ್ಟು?"

"ಯಾರನ್ನ ಕಂಡ್ರೂ ಬರುತ್ತೆ."

"ಒಂದು ಕಡೆ ಕೂರೋಕಾಗುತ್ತಾ?"

"ಹುಟ್ಟಿದಾಗಿಂದ ಆಗಿಲ್ಲ."

ಡಾಕ್ಟರು ನನ್ನ ಗಂಡನ ಕಡೆ ತಿರುಗಿದರು. "ಇವರು ಹೇಳೋದೆಲ್ಲ ನಿಜಾನೇನ್ರೀ?"

"ನೂರಕ್ಕೆ ನೂರು ನಿಜ ಸಾರ್" ಅಂದರು ನಮ್ಮವರು, ಕಣ್ಣಲ್ಲಿ ನೀರು ತಂದುಕೊಂಡು. "ಮದುವೆಯಾದಾಗಿಂದ ಇದೇ."

ನಾನು ಬೆಂಗಳೂರಿನ ಚೀಟಿ ಮುಂದಿಟ್ಟೆ. ಡಾಕ್ಟರು ಚೀಟಿ ನೋಡಿದರು, ನನ್ನನ್ನು ನೋಡಿದರು, ಮತ್ತೇನೂ ಕೇಳದೆ ಅದೇ ಮಾತ್ರೆ ಬರೆದರು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಕ್ವಾರ್ಟರ್ಸಿನಲ್ಲಿ ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ನಲ್ಲಿಯ ಹತ್ತಿರ ನನ್ನ ಕೊಡ ಕಂಡರೆ ಹೆಂಗಸರು ತಾವಾಗಿ ದಾರಿ ಬಿಟ್ಟರು. ಸಕ್ಕರೆ ಸಾಲ ಕೇಳುತ್ತಿದ್ದ ಪಕ್ಕದ ಮನೆಯಾಕೆ ಕೇಳುವುದನ್ನು ಬಿಟ್ಟರು. ಇಷ್ಟು ಸೌಕರ್ಯ ಇದೆ ಅಂತ ಗೊತ್ತಿದ್ದರೆ ನಾನು ಎಂದೋ ಮಾತ್ರೆ ಬರೆಸಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ಆ ಶಿವನಿಯ ಹುಡುಗಿಯ ಜೊತೆಗೇ ತಮ್ಮನ ಮದುವೆಯಾಯಿತು. ಹೆಂಡತಿಯನ್ನು ಕರೆದುಕೊಂಡು ಕಡೂರಿಗೆ ಬಂದ. ಗಂಡಹೆಂಡಿರು ಅಂಗಳದಲ್ಲಿ ನಿಂತಿದ್ದಾಗ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದು ಅವನನ್ನು ಮೆಲ್ಲಗೆ ಕರೆದರು. ನಾನು ಕಿಟಕಿಯ ಒಳಗಿದ್ದೆ.

"ನಿಮ್ಮಕ್ಕಂಗೆ ಮಾತ್ರೆ ಮಾತ್ರ ತಪ್ಪಿಸಬೇಡಪ್ಪಾ. ನುಂಗ್ತಾರೋ ಇಲ್ವೋ, ಮನೆಯವರೇ ಯಾರಾದ್ರೂ ನೋಡ್ಕೋಬೇಕು."

"ಒಂದಿನಾನೂ ತಪ್ಪಿಲ್ಲ ಕಣಮ್ಮ" ಅಂದ ತಮ್ಮ, ಕೈಮುಗಿದು. "ಅಕ್ಕನ್ನ ನಂಬ್ಕೊಂಡ್ರೆ ಆಗಲ್ಲ ಅಂತ, ಅವಳ ಪಾಲಿಂದೆಲ್ಲಾ ನಾನೇ ನುಂಗ್ತೀನಿ."

"ಹೌದು ಕಣಮ್ಮ" ಅಂದಳು ಅವನ ಹೆಂಡತಿ. "ನಾನೇ ಪಕ್ಕದಲ್ಲಿ ನಿಂತ್ಕೊಂಡು ನುಂಗಿಸ್ತೀನಿ. ಈಗ ಅತ್ತಿಗೆ ಎಷ್ಟೋ ವಾಸಿ."