ಉಪಗ್ರಹಕ್ಕೆ ಎದುರು ಆರು ಬಾಟಲಿ

ಎಲ್ಲಕ್ಕೂ ಕಾರಣ ಚಪ್ಪಲಿ. ನೀತಾಳ ಕಂಪ್ಯೂಟರ್ ಕೋಣೆಗೆ ಹೋಗುವವರೆಲ್ಲ, ಸಾಹೇಬರಾದ ಶಿವಪುತ್ರಪ್ಪನವರು ಕೂಡ, ಗುಡಿಯ ಮುಂದೆ ಬಿಟ್ಟಂತೆ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಪಕ್ಕದ ಸಿದ್ದಾರೂಢನ ಪ್ರಯೋಗಾಲಯಕ್ಕೆ ಮಾತ್ರ ಕೆಸರುಗಾಲಲ್ಲೇ ಬರುತ್ತಿದ್ದರು.

ಸಿದ್ದಾರೂಢ ಹದಿನಾಲ್ಕು ವರ್ಷದಿಂದ ಪುಣೆಯ ಸುತ್ತಲಿನ ಕೆರೆಗಳ ನೀರನ್ನು ಬಾಟಲಿಯಲ್ಲಿ ತಂದು, ಸೋಸಿ, ಒಣಗಿಸಿ, ಎಷ್ಟು ಮಣ್ಣು ಬೆರೆತಿದೆಯೆಂದು ತೂಗುತ್ತಿದ್ದ. ನೀತಾ ಬಂದು ಆರು ತಿಂಗಳು. ಉಪಗ್ರಹ ಕಳಿಸಿದ ಚಿತ್ರದಲ್ಲಿ ನೀರಿನ ಬಣ್ಣ ನೋಡಿ, ಕುರ್ಚಿ ಬಿಟ್ಟೇಳದೆ ಅದನ್ನೇ ಹೇಳುತ್ತಿದ್ದಳು. ಅದೂ ಏಸಿಯಲ್ಲಿ ಕೂತು.

"ಗುರುವಾರ ಹತ್ತೂಮುಕ್ಕಾಲಿಗೆ ಉಪಗ್ರಹ ಕೆರಿ ಮ್ಯಾಲೆ ಹಾದು ಹೋಗ್ತದ," ಎಂದರು ಸಾಹೇಬರು ಸಿದ್ದಾರೂಢನಿಗೆ. "ಅದೇ ಹೊತ್ತಿಗೆ ನೀವು ಆರು ಬಾಟಲಿ ತುಂಬ್ರಿ. ಇಬ್ಬರ ಲೆಕ್ಕ ಒಂದಕ್ಕೊಂದು ಕೂಡಿತಂದ್ರ ಬಾಟಲಿ ಯಾಕ ಬೇಕು, ನಿಮ್ಮ ವಿಭಾಗ ಮುಚ್ಚಿಬಿಡೋಣು."

ಲೆಕ್ಕ ಕೂಡಬಾರದು. ಸಿದ್ದಾರೂಢನ ತಲೆಯಲ್ಲಿ ಅದೊಂದೇ ಮಾತು.

ಗುರುವಾರ ಸದಾಶಿವ ಪೇಠೆಯ ತನ್ನ ಮನೆಯಿಂದ ಉಪ್ಪಿನಕಾಯಿ ಭರಣಿ ತಂದ. ದಂಡೆಯ ಕೆಸರನ್ನು ಅದರೊಳಗೆ ತುಂಬುವಾಗ ಎಡಗಾಲಿನ ಚಪ್ಪಲಿ ಅಲ್ಲೇ ಹೂತುಹೋಯಿತು. ಒಂಟಿ ಚಪ್ಪಲಿಯಲ್ಲೇ ದೋಣಿ ಹತ್ತಿದ. ದೀಪಾವಳಿ ಕಳೆದು, ಮಳೆಯ ಮಣ್ಣೆಲ್ಲ ತಳಕ್ಕಿಳಿದ ಕೆರೆ ಕನ್ನಡಿಯಂತಿತ್ತು. ನಡುಕೆರೆಯಲ್ಲಿ ಬಾಟಲಿ ತುಂಬಿ, ಚಮಚ ತೆಗೆದ. ನೀತಾಳ ಏಸಿಯ ಹೆಸರಲ್ಲಿ ಬಾಟಲಿಗೊಂದು ಚಮಚ ಕೆಸರು. ಸಾಹೇಬರು ಬಿಟ್ಟ ಚಪ್ಪಲಿಯ ಹೆಸರಲ್ಲಿ ಇನ್ನೊಂದು.

"ನೀರಿಗೆ ಮಸಾಲಿ ಹಾಕ್ಲಿಕತ್ತೀರೇನ್ರಿ ಸಾಹೇಬ್ರ?" ಎಂದ ದೋಣಿಯ ತಾಯಪ್ಪ.

"ಸುಮ್ಮ ಹುಟ್ಟು ಹಾಕು. ಇದು ಸಾಯನ್ಸ್."

"ಮ್ಯಾಲಿನಾಂವ ನೋಡ್ತಾನ್ರಿ."

ಅಷ್ಟರಲ್ಲಿ ಬಿಸಿಲು ಮರೆಯಾಗಿ ಕೆರೆಯ ಮೇಲೆ ನೆರಳು ಬಿತ್ತು. ದಂಡೆಯವರಿಗೆ ಕಾಣುವುದಿಲ್ಲವೆಂದು ಸಿದ್ದಾರೂಢನಿಗೆ ಧೈರ್ಯ ಬಂತು. ಬಾಟಲಿಗೆ ಇನ್ನೊಂದೊಂದು ಚಮಚ ಹಾಕಿದ. ಗಡಿಯಾರ ನೋಡಿದ. ಸರಿಯಾಗಿ ಹತ್ತೂಮುಕ್ಕಾಲು.

ಹತ್ತು ದಿನಕ್ಕೆ ಹೈದರಾಬಾದಿನ ಉಪಗ್ರಹ ಕೇಂದ್ರದಿಂದ ಚಿತ್ರ ಬಂತು. ಸಿದ್ದಾರೂಢ ಮೊದಲ ಸಲ ಹೊಸ ಚಪ್ಪಲಿ ಹೊರಗೆ ಬಿಟ್ಟು ನೀತಾಳ ಕೋಣೆಗೆ ಹೋದ. ಸಾಹೇಬರು ಆಗಲೇ ಬಂದಿದ್ದರು. ಪರದೆಯ ಮೇಲೆ ಕೆರೆ ಇರಬೇಕಾದಲ್ಲಿ ಹಿಂಜಿದ ಅರಳೆಯಂಥ ಬಿಳುಪು.

"ಆ ಹೊತ್ತಿಗೇ ಮೋಡ ಬಂದದ ಸರ್," ಎಂದಳು ನೀತಾ, ಸಣ್ಣ ದನಿಯಲ್ಲಿ. "ಉಪಗ್ರಹಕ್ಕ ನೀರ ಕಂಡಿಲ್ಲ. ನನ್ನ ಹತ್ತಿರ ಲೆಕ್ಕಾನ ಇಲ್ಲ."

ಸಾಹೇಬರು ಸಿದ್ದಾರೂಢನ ಬೆನ್ನು ತಟ್ಟಿದರು. "ಕಡೀಕ ನಿಮ್ಮ ಬಾಟಲೀನ ಖರೇ ನೋಡ್ರಿ! ವಿಭಾಗ ಮುಚ್ಚೂದಿಲ್ಲ. ಎಲ್ಲಿ, ಕೊಡ್ರಿ ನಿಮ್ಮ ಲೆಕ್ಕ."

ಸಿದ್ದಾರೂಢ ಲೆಕ್ಕದ ಕಾಗದವನ್ನು ಬೆನ್ನ ಹಿಂದೆ ಹಿಡಿದ. "ಇನ್ನೊಮ್ಮೆ ತೂಗಿ ಕೊಡ್ತೀನ್ರಿ."

ಹಿಂದೆ ನಿಂತಿದ್ದ ನೀತಾ ಕಾಗದ ತೆಗೆದುಕೊಂಡು ಓದಿದಳು. "ಲೀಟರಿಗೆ ನಲವತ್ತು ಗ್ರಾಂ ಮಣ್ಣು?"

ಸಾಹೇಬರು ಅವನನ್ನೇ ನೋಡಿದರು. "ಇದು ಕೆರಿ ಏನ್ರಿ, ಜ್ವಾಳ ಬಿತ್ತೂ ಹೊಲಾನೋ?"

ಸಿದ್ದಾರೂಢ ಬಾಗಿಲಾಚೆಯ ತನ್ನ ಹೊಸ ಚಪ್ಪಲಿಯ ಕಡೆ ನೋಡಿದ.

"ಉಪಗ್ರಹ ಮತ್ತ ಬರೋ ದಿನ ಬಾಟಲಿ ನೀತಾನ ತುಂಬಲಿ," ಎಂದರು ಸಾಹೇಬರು.

"ಮತ್ತ ನಾನ್ರಿ?"

"ನೀವು ದಂಡಿಗೆ ನಿಂತು ಮ್ಯಾಲೆ ನೋಡ್ರಿ. ಮೋಡ ಬಂದ್ರ ಕೂಗ್ರಿ."