ಗಂಟಲಿಗೆ ಹೋಗುವ ದಾರಿ

ಗಳಗಳಗಳಗಳಗಳ... ಥೂ!

ಬಾಲ್ಯದ ಬೆಳಗು ಅಂದರೆ ಕೆಲವರಿಗೆ ಕೋಗಿಲೆ ಕೇಳಿಸುತ್ತದೆ, ಕೆಲವರಿಗೆ ಗುಡಿಯ ಗಂಟೆ. ಪುಣ್ಯವಂತರು! ನನಗೆ ಕೇಳಿಸುವುದು ಇದು. ಮೈಲಾಪೂರಿನ ನಮ್ಮ ಮನೆಯ ಹಿತ್ತಿಲ ನಲ್ಲಿಯ ಹತ್ತಿರ, ಐದು ಗಂಟೆಗೆ ಸರಿಯಾಗಿ, ನನ್ನ ಸೋದರತ್ತೆ ಬಾಯಿ ಮುಕ್ಕಳಿಸುವ ಸದ್ದು. ಒಂದು ಸಲವಲ್ಲ, ಹನ್ನೆರಡು ಸಲ. ಪಕ್ಕದ ಮನೆಯ ಮಾಮಿ ಅಲಾರಾಮ್ ಗಡಿಯಾರವನ್ನೇ ಮಾರಿಬಿಟ್ಟಳು ಅಂತ ಅಪ್ಪ ಹೇಳುತ್ತಿದ್ದರು. ಅದು ಉತ್ಪ್ರೇಕ್ಷೆ. ಮಾರಲಿಲ್ಲ, ಕೀ ಕೊಡುವುದನ್ನು ನಿಲ್ಲಿಸಿದ್ದಳು ಅಷ್ಟೆ.

ಪುರೋಹಿತರು, ಕಾನ್ವೆಂಟಿನ ಮದರ್, ಕೊನೆಗೆ ಸರ್ಕಾರ, ಈ ಮೂವರ ಬಾಯನ್ನೂ ತೆರೆಸಿದ ಏಕೈಕ ಹೆಂಗಸು ನಮ್ಮ ಅತ್ತೆ ಅಂದರೆ ನೀವು ನಂಬುವುದಿಲ್ಲ. ಬೇಡ, ಈಗಲೇ ನಂಬಬೇಡಿ.

ಅತ್ತೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ, ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದವಳು. ಮಡಿ ಹೆಂಗಸು. ಮಕ್ಕಳಾದ ನಮಗೆ ಅವಳ ಮುಖ ಮೂಗಿನಿಂದ ಮೇಲಕ್ಕೆ ಮಾತ್ರ ಪರಿಚಯ. ಅಲ್ಲಿಂದ ಕೆಳಗೆ ಯಾವಾಗಲೂ ಸೆರಗು. ಅದರ ಹಿಂದಿನಿಂದ ಬರುವ ಮಾತು ಹತ್ತಿಯಲ್ಲಿ ಸುತ್ತಿದ ಹಾಗೆ ಸ್ವಲ್ಪ ಮೆತ್ತಗೆ. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಗೋಡೆಯ ಕಡೆ ತಿರುಗಿ ಕೂತು ಸಾರನ್ನ ಉಣ್ಣುತ್ತಿದ್ದಳು. ಮಡಿ ಹೆಂಗಸರು ಹಾಗೇ ಇರಬೇಕು ಅಂತ ನಾವು ತಿಳಿದಿದ್ದೆವು. ಮಕ್ಕಳಿಗೆ ಏನು ತಾನೇ ಗೊತ್ತು?

ನಮ್ಮ ಮನೆಯಲ್ಲಿ ಒಂದು ಪೆಪ್ಪರ್‌ಮಿಂಟ್ ತಿಂದರೂ ಹನ್ನೆರಡು ಸಲ ಬಾಯಿ ಮುಕ್ಕಳಿಸಬೇಕು. ಲೆಕ್ಕ ತಪ್ಪಬಾರದು ಅಂತ ಅತ್ತೆ ದೇವರ ಹನ್ನೆರಡು ಹೆಸರನ್ನೂ ಜೋಡಿಸಿದ್ದಳು. ಕೇಶವಾ, ಗಳಗಳ, ಥೂ. ನಾರಾಯಣಾ, ಗಳಗಳ, ಥೂ. ದಾಮೋದರನ ತನಕ ಬಿಡುಗಡೆಯಿಲ್ಲ. ಒಮ್ಮೆ ಸತ್ಯನಾರಾಯಣ ಪೂಜೆಗೆ ಬಂದ ಆಚಾರ್ಯರು ಇದನ್ನು ಕೇಳಿ ಕಿವಿ ಮುಚ್ಚಿಕೊಂಡರು.

"ಏನಮ್ಮಾ ಇದು ಅನಾಚಾರ! ದೇವರ ಹೆಸರು ಹೇಳಿ ಉಗುಳೋದೇ?"

"ಕೊಳಕು ಬಾಯಲ್ಲಿ ಆ ಹೆಸರು ಹೇಳೋದು ಮೇಲೋ, ಹೆಸರು ಹೇಳಿ ಬಾಯಿ ತೊಳ್ಕೊಳ್ಳೋದು ಮೇಲೋ, ನೀವೇ ಹೇಳಿ ಆಚಾರ್ರೇ. ಎಲ್ಲಿ, ಒಂದ್ಸಲ ಆ ಅನ್ನಿ."

ಆ ಗಾಬರಿಯಲ್ಲಿ ಆಚಾರ್ಯರು ಆ ಅಂದುಬಿಟ್ಟರು! ಅತ್ತೆಯ ಸೊಂಟದಲ್ಲಿ ಸದಾ ಒಂದು ಟಾರ್ಚ್ ಇರುತ್ತಿತ್ತು. ಎಂಜಲು ಮುಟ್ಟುವ ಹಾಗಿಲ್ಲವಲ್ಲ, ಎರಡು ಮಾರು ದೂರದಿಂದಲೇ ತಪಾಸಣೆ. "ಕೆಳಗೆ ಎಡಗಡೆ ಎರಡು ಹೋಗಿದೆ. ಎಲೆಅಡಿಕೆ ಬಿಡಿ" ಅಂದಳು. ಆವತ್ತು ಆಚಾರ್ಯರು ಹೋಳಿಗೆಯನ್ನೆಲ್ಲ ಬಲಗಡೆಯಲ್ಲೇ ಅಗಿದರು.

ಇಷ್ಟೇ ಆಗಿದ್ದರೆ ಅತ್ತೆ ಮನೆಮಟ್ಟಿಗೆ ಒಂದು ವಿಚಿತ್ರವಾಗಿ ಉಳಿಯುತ್ತಿದ್ದಳು. ಅವಳನ್ನು ಲೋಕದ ಮೇಲೆ ಛೂ ಬಿಟ್ಟವಳು ನಾನೇ.

ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ವರ್ಷಕ್ಕೊಮ್ಮೆ ಮೆಡಿಕಲ್ ಇನ್ಸ್‌ಪೆಕ್ಷನ್. ಹನ್ನೊಂದು ವರ್ಷದ ನಾನು ಆ ಸಂಜೆ ಕಾರ್ಡ್ ಹಿಡಿದು ಓಡಿಬಂದೆ. "ಅತ್ತೇ, ಎಲ್ಲಾ ಗುಡ್! ಐ ಆಮ್ ಪರ್ಫೆಕ್ಟ್ಲಿ ಹೆಲ್ದಿ!" ಇದನ್ನು ಹೇಳುವಾಗ ದವಡೆಹಲ್ಲಿನ ನೋವಿಗೆ ನನ್ನ ಎಡಗೆನ್ನೆ ಬೋಂಡಾದ ಹಾಗೆ ಊದಿತ್ತು.

"ಓದು" ಅಂದಳು ಅತ್ತೆ.

"ಹೈಟ್, ವೆಯ್ಟ್, ಐಸ್, ಇಯರ್ಸ್. ಆಮೇಲೆ ನೋಸ್, ಮೂಗು. ಆಮೇಲೆ ಥ್ರೋಟ್, ಗಂಟಲು..."

"ನಿಲ್ಲು. ಮೂಗಾದ ಮೇಲೆ ನೇರ ಗಂಟಲಾ? ಗಂಟಲಿಗೆ ಆ ಮಹಾರಾಯ ಯಾವ ದಾರಿಯಾಗಿ ಹೋದ? ಕಿವಿಯಿಂದಾನಾ?"

ಪೇಪರಿನ ಹಿಂದಿನಿಂದ ಅಪ್ಪ ನಕ್ಕರು. "ಬಿಡಕ್ಕಾ. ಹಲ್ಲು ಒಂದು ದೊಡ್ಡ ವಿಷಯವೇ? ಹೋದ್ರೆ ಹೋಯ್ತು. ಪ್ರಾಣ ಹೋಗುತ್ಯೇ?"

"ಪ್ರಾಣ ಹೋಗಲ್ಲ ಕಣೋ" ಅಂದಳು ಅತ್ತೆ. "ಅದೇ ತೊಂದರೆ."

ಅಪ್ಪ ಯಾಕೋ ಪೇಪರನ್ನು ಮತ್ತಷ್ಟು ಮೇಲೆತ್ತಿಕೊಂಡರು.

ಮರುದಿನ ಹತ್ತಿರದ ಡಿಸ್ಪೆನ್ಸರಿಗೆ ಹೋದೆವು. ಕಣ್ಣಿಗೆ ಮದ್ದಿತ್ತು, ಕೆಮ್ಮಿಗಿತ್ತು, ಹುಣ್ಣಿಗಿತ್ತು. ಹಲ್ಲು ಅಂದ ಕೂಡಲೇ ಕಾಂಪೌಂಡರ್ ಉತ್ಸಾಹದಿಂದ ಇಕ್ಕಳ ತೆಗೆದ. "ಪಲ್ಲಾ? ಪುಡುಂಗಿಡಲಾಂಮ್ಮಾ!" ಕಿತ್ತುಬಿಡೋಣವಂತೆ!

"ಕಣ್ಣು ನೋವು ಅಂದ್ರೆ ಕಣ್ಣೂ ಕೀಳ್ತೀಯೇನಯ್ಯಾ?" ಅಂತ ಅತ್ತೆ ಕೇಳಿದ ರಭಸಕ್ಕೆ ಕ್ಯೂನಲ್ಲಿದ್ದವರೆಲ್ಲ ತಂತಮ್ಮ ಕಣ್ಣು ಮುಟ್ಟಿ ನೋಡಿಕೊಂಡರು. ಅಲ್ಲಿಂದ ಬಸ್ಸು ಹತ್ತಿ ಪ್ಯಾರೀಸ್ ಕಾರ್ನರ್. ಮಹಡಿಯ ಮೇಲೊಬ್ಬ ಚೀನೀ ಹಲ್ಲಿನ ಡಾಕ್ಟರು. ಹೊಲಿಗೆ ಮಿಷನ್ನಿನ ಹಾಗೆ ಕಾಲಿನಲ್ಲಿ ತುಳಿದು ಕೊರೆಯುವ ಯಂತ್ರ. ನಾನು ಕಿರುಚಿದ್ದು ಬಂದರಿನ ಹಡಗುಗಳಿಗೂ ಕೇಳಿಸಿರಬೇಕು. ಆದರೆ ಹಲ್ಲು ಉಳಿಯಿತು. ಅವನು ತುಂಬಿದ ಆ ಕಪ್ಪು ಚುಕ್ಕಿ ಇಂದಿಗೂ ನನ್ನ ಬಾಯಲ್ಲಿದೆ.

ಇಳಿಯುವಾಗ ಅತ್ತೆ ಮೆಟ್ಟಿಲ ಮೇಲೆ ನಿಂತುಬಿಟ್ಟಳು. "ನೀನು ಬಸ್ಸು ಹತ್ತಿ ಬಂದೆ. ಬರೋಕಾಗದೇ ಇರೋರ ಮಕ್ಕಳು? ಅವರಿಗೆ ಆ ಇಕ್ಕಳವೇ ಗತಿಯಾ? ಆ ಕಾರ್ಡಲ್ಲಿ ಹಲ್ಲು ಅಂತ ಬರೀದೇ ನಾನು ಬಿಡಲ್ಲ."

ಬಿಡಲಿಲ್ಲ. ಮರುವಾರ ಅತ್ತೆ ಒಗೆದ ಸೀರೆ ಉಟ್ಟು, ಟಾರ್ಚ್ ಸಿಕ್ಕಿಸಿಕೊಂಡು, ನನ್ನ ಕಾನ್ವೆಂಟಿಗೆ ಬಂದಳು! ಮದರ್ ಸುಪೀರಿಯರ್ ಐರ್ಲೆಂಡಿನವರು. ಅವರ ನೆರಳು ಕಂಡರೆ ನಾವು ಕಂಬದ ಹಿಂದೆ ಅಡಗುತ್ತಿದ್ದೆವು. ದುಭಾಷಿ ನಾನು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕೇಳೇ ಅವರನ್ನ. ಅವರೂರಲ್ಲಿ ಹಲ್ಲನ್ನ ದೇಹಕ್ಕೆ ಸೇರಿಸ್ತಾರಾ?"

"ಮದರ್, ಮೈ ಆಂಟ್ ವಿಶಸ್ ಟು ನೋ..." ಅಂತ ತೊದಲಿದೆ.

ಮದರ್ ನಗಲಿಲ್ಲ. ಬಾಗಿಲು ಮುಚ್ಚಿ ಬಂದರು. ನಾವು ನೋಡನೋಡುತ್ತಿದ್ದಂತೆ ತಮ್ಮ ಬಾಯಿಂದ ಮೇಲಿನ ಸಾಲು, ಕೆಳಗಿನ ಸಾಲು, ಎರಡನ್ನೂ ತೆಗೆದು ಕರ್ಚೀಫಿನ ಮೇಲಿಟ್ಟರು! ಇಪ್ಪತ್ತನೇ ವಯಸ್ಸಿನಲ್ಲಿ, ಹಡಗು ಹತ್ತುವ ಮೊದಲು, ಅವರಪ್ಪನೇ ಎಲ್ಲವನ್ನೂ ಕೀಳಿಸಿದ್ದನಂತೆ. ಮುಂದೆ ರಗಳೆ ಬೇಡ ಅಂತ. ಅವರ ಕಡೆ ಮದುವೆಯ ಮುಂಚೆ ಹೆಣ್ಣುಮಕ್ಕಳಿಗೆ ಹಾಗೆ ಮಾಡಿಸುವುದೂ ಉಂಟಂತೆ, ಉಡುಗೊರೆಯ ಹಾಗೆ!

ನಾನು ಹೆದರಿ ಹೆದರಿ ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಟಾರ್ಚ್ ತೆಗೆಯಲಿಲ್ಲ. ಸುಮ್ಮನೆ ಆ ಕರ್ಚೀಫನ್ನೇ ನೋಡಿದಳು. "ಅಲ್ಲೂ ಹೀಗೇನಾ? ಹಾಗಾದ್ರೆ ಇದು ನಮ್ಮೂರ ಕರ್ಮ ಅಲ್ಲ. ಇಡೀ ಲೋಕದ ಬುದ್ಧಿಯೇ ಹೀಗೆ" ಅಂದವಳು, ಯಾರನ್ನೂ ಮುಟ್ಟದ ನನ್ನ ಮಡಿ ಅತ್ತೆ, ಮದರ್ ಕೈಯನ್ನು ಹಿಡಿದುಕೊಂಡಳು. ಯಾಕೆ ಅಂತ ಆಗ ನನಗೆ ತಿಳಿಯಲಿಲ್ಲ. ಮದರ್‌ಗೆ ತಿಳಿದಿತ್ತು.

ಕಾರ್ಡ್ ಅಚ್ಚು ಹಾಕಿಸುವುದು ಆರೋಗ್ಯದ ಆಫೀಸು, ನಾವಲ್ಲ, ಅಂದರು ಮದರ್. ಆದರೂ ನಮ್ಮ ಕ್ಲಾಸಿನ ಅಷ್ಟೂ ಕಾರ್ಡುಗಳಲ್ಲಿ ಮೂಗಿಗೂ ಗಂಟಲಿಗೂ ನಡುವೆ ತಮ್ಮ ಕೈಯಲ್ಲೇ ಟೀತ್ ಅಂತ ಬರೆದರು. ಮುಂದಿನ ವರ್ಷ ಬಂದ ಡಾಕ್ಟರು, ಇದೇನು ಅಂತ ಹುಬ್ಬೇರಿಸಿದಾಗ ಮದರ್ ಹೇಳಿದ್ದು: "ಇಟ್ ಈಸ್ ಆನ್ ದಿ ವೇ ಟು ದಿ ಥ್ರೋಟ್, ಡಾಕ್ಟರ್."

ಆಮೇಲೆ ಆಫೀಸಿಗೆ ಪತ್ರಗಳು. ವರ್ಷಕ್ಕೊಂದು. ಅತ್ತೆ ಕನ್ನಡದಲ್ಲಿ ಉರಿಯುವಳು, ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ ಆರಿಸುವೆ. "ಬರಿ: ನಿನ್ನ ಅಜ್ಜಿ ಬಾಯನ್ನ ಯಾವತ್ತಾದ್ರೂ ನೋಡಿದೀಯೇನಯ್ಯಾ?" ನಾನು: "ಕೈಂಡ್ಲಿ ಕನ್ಸಿಡರ್ ದಿ ಮೌತ್ ಆಫ್ ಯುವರ್ ಎಸ್ಟೀಮ್ಡ್ ಗ್ರ್ಯಾಂಡ್‌ಮದರ್." ಒಮ್ಮೆ ಉತ್ತರವೂ ಬಂತು: ಈ ವಿಷಯ ನಮ್ಮ ಸೆಕ್ಷನ್ನಿಗೆ ಬರುವುದಿಲ್ಲ. ಮತ್ತೆ ಯಾವ ಸೆಕ್ಷನ್ನಿಗೆ? ಅದನ್ನು ಬರೆದಿರಲಿಲ್ಲ. "ಹಾಗಾದ್ರೆ ಹಲ್ಲು ಅನಾಥ ಅನ್ನು" ಅಂದಳು ಅತ್ತೆ.

ನಗಬೇಡಿ. ಹೋದ ತಿಂಗಳು ನನಗೊಂದು ಹೆಲ್ತ್ ಇನ್ಶೂರೆನ್ಸ್ ಮಾಡಿಸಲು ಟೈ ಕಟ್ಟಿದ ಹುಡುಗನೊಬ್ಬ ಬಂದಿದ್ದ. ಹೃದಯ ಉಂಟು, ಮಂಡಿ ಉಂಟು, ಕಿಡ್ನಿ ಉಂಟು. "ಓನ್ಲಿ ಡೆಂಟಲ್ ಕವರ್ ಆಗಲ್ಲ, ಆಂಟಿ." ಯಾಕಪ್ಪಾ? ಹಲ್ಲನ್ನು ನಾನು ಓಲೆಯ ಹಾಗೆ ಚಂದಕ್ಕೆ ಹಾಕಿಕೊಂಡಿದ್ದೇನೆಯೇ? ಅರುವತ್ತು ಚಿಲ್ಲರೆ ವರ್ಷ ಆಯಿತು. ಮನುಷ್ಯ ಚಂದ್ರನಿಗೆ ಹೋಗಿಬಂದ. ಮೂಗಿನಿಂದ ಗಂಟಲಿಗೆ ಹೋಗುವ ದಾರಿ ಮಾತ್ರ ಇನ್ನೂ ಯಾರಿಗೂ ಕಂಡಿಲ್ಲ! ಶೇಮ್‌ಲೆಸ್!

ಇರಲಿ. ನನ್ನನ್ನು ನೋಡಲು ಗಂಡು ಬಂದಾಗ ಉಪ್ಪಿಟ್ಟಿಗಿಂತ ಮೊದಲು ಟಾರ್ಚ್ ಬಂತು. "ಆ ಅನ್ನಪ್ಪಾ." ಹುಡುಗನ ತಾಯಿ ಮೂರ್ಛೆ ಹೋಗುವುದೊಂದು ಬಾಕಿ. ಹುಡುಗ ಪಾಪ, ಕಣ್ಣುಮುಚ್ಚಿ ಆ ಅಂದ. "ಒಂದು ರಿಪೇರಿ ಇದೆ. ಮಾಡಿಸ್ಕೊಂಡು ಬಂದ್ರೆ ನಮ್ಮ ಒಪ್ಪಿಗೆ ಇದೆ." ಮಾಡಿಸಿಕೊಂಡು ಬಂದ! ಅವನನ್ನೇ ಮದುವೆಯಾದೆ.

ನನ್ನ ಮಗಳು ಅದೇ ಕಾನ್ವೆಂಟಿಗೆ ಸೇರಿದಾಗ ಅರುವತ್ತರ ದಶಕ ಮುಗಿಯುತ್ತಿತ್ತು. ಮೊದಲ ವರ್ಷದ ಅವಳ ಕಾರ್ಡ್ ನೋಡಿ ನಾನು ಸ್ಕೂಲಿನ ಗೇಟಿನಲ್ಲೇ ನಿಂತುಬಿಟ್ಟೆ. ಆಮೇಲೆ ಮಗಳನ್ನು ಎಳೆದುಕೊಂಡು ನೇರ ಅತ್ತೆಯ ಹತ್ತಿರ. ಅತ್ತೆಯ ಕಣ್ಣಿಗೆ ಅಷ್ಟರಲ್ಲಿ ಪೊರೆ ಬಂದಿತ್ತು. ಕಿಟಕಿಯ ಪಕ್ಕದ ಬೆಂಚಿನ ಮೇಲೆ, ಸೆರಗು ಹಿಡಿದು ಕೂತಿದ್ದಳು.

"ಓದು."

"ಐಸ್, ಇಯರ್ಸ್, ನೋಸ್..." ಮುಂದಿನ ಸಾಲಿನ ಮೇಲೆ ಬೆರಳಿಟ್ಟೆ. "ಟೀತ್. ಅಚ್ಚಾಗಿದೆ ಅತ್ತೆ. ಕೈಬರಹ ಅಲ್ಲ. ಪ್ರಿಂಟೆಡ್."

"ಇನ್ನೊಂದ್ಸಲ ಓದು."

ಓದಿದೆ.

"ಅದರ ಮುಂದೆ ಏನು ಬರ್ದಿದಾನೆ?"

"ಗುಡ್ ಅಂತ."

"ನೋಡಿ ಬರ್ದಿದಾನಾ?"

ಮಗಳನ್ನು ಕೇಳಿದೆ. ಅವಳಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿದ್ದುದು ತಮಿಳೇ. "ಪಾಕ್ಕವೇ ಇಲ್ಲೆ ಪಾಟಿ" ಅಂದಳು. ನೋಡಲೇ ಇಲ್ಲ ಅಜ್ಜಿ, ಅಂತ!

"ಬಾ ಇಲ್ಲಿ! ಆ ಅನ್ನು!"

ಪೊರೆ ಬಂದ ಕಣ್ಣಿಗೆ ಟಾರ್ಚಿನಿಂದ ಏನು ಪ್ರಯೋಜನ? ಅತ್ತೆ ಎಡಗೈಯಲ್ಲಿ ಮಗುವಿನ ಗಲ್ಲ ಹಿಡಿದು, ಬಲಗೈ ಬೆರಳನ್ನೇ ಬಾಯೊಳಗೆ ಹಾಕಿದಳು.

"ಅತ್ತೇ, ಎಂಜಲು..." ಅಂದೆ.

"ಸುಮ್ನಿರೇ. ಆಮೇಲೆ ತೊಳ್ಕೋತೀನಿ. ಇಗೋ, ಇಲ್ಲಿ ತೂತು! ಗುಡ್ ಅಂತೆ, ಗುಡ್! ನಾಳೆ ಬಾ, ಕಾಗದ ಬರೀಬೇಕು!"

ಎರಡೂ ಕೈ ಮಗುವಿನ ಮುಖದ ಮೇಲೆ. ಸೆರಗು ಜಾರಿ ಮಡಿಲಿಗೆ ಬಿತ್ತು. ಅತ್ತೆ ಅದನ್ನು ಹಿಡಿಯಲಿಲ್ಲ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಬೆಳೆದ ನಾನು ಅವಳ ಬಾಯನ್ನು ಆವತ್ತು ಮೊದಲ ಸಲ ನೋಡಿದೆ. ಆಗಷ್ಟೇ ಹುಟ್ಟಿದ ಕೂಸಿನ ಬಾಯಿಯ ಹಾಗೆ ಖಾಲಿ.

ಮಗಳೂ ನೋಡಿದಳು. "ಪಾಟೀ, ಉನಕ್ಕು ಒಣ್ಣು ಕೂಡ ಇಲ್ಲಿಯಾ?" ನಿನಗೆ ಒಂದೂ ಇಲ್ಲವಾ?

"ಇಲ್ಲ ಮಗಾ. ಆಗ ನಿಮ್ಮಮ್ಮನ ವಯಸ್ಸು ನಂಗೆ, ನೋವು ಅಂತ ಹೋದೆ. ಕೀಳೋದು ಬಿಟ್ಟು ಬೇರೇನೂ ಗೊತ್ತಿರ್ಲಿಲ್ಲ ಅವರಿಗೆ. ಎಲ್ಲಾ ಕಿತ್ಬಿಟ್ರು. ಅದಕ್ಕೇ ನಿಂದು ಎಣಿಸ್ತಿದೀನಿ. ಅಲ್ಲಾಡ್ಬೇಡ."

ಕಾಗದ ಬರೆಯುವ ಆ ನಾಳೆ ಬರಲೇ ಇಲ್ಲ. ನಾನು ಅತ್ತೆಯನ್ನು ಕೊನೆಯ ಸಲ ನೋಡಿದ್ದು ಹೀಗೆ. ಕಿಟಕಿಯ ಬೆಳಕಿನಲ್ಲಿ ಒಂದೊಂದು ಹಾಲುಹಲ್ಲಿನ ಮೇಲೂ ಬೆರಳಿಟ್ಟು ಹೆಸರು ಹೇಳುತ್ತಿದ್ದಳು. ಕೇಶವ, ನಾರಾಯಣ, ಮಾಧವ... ಮೇಲಿನ ಸಾಲು ಮುಗಿದು ಕೆಳಗಿನ ಎರಡಕ್ಕೆ ದಾಮೋದರ ಬಂದುಬಿಟ್ಟ. ಇನ್ನೂ ಹಲ್ಲುಗಳಿದ್ದವು. ಅತ್ತೆ ನಕ್ಕು, ಮತ್ತೆ ಕೇಶವನಿಂದ ಶುರು ಮಾಡಿದಳು.